ಚೀನೀ ಅಜ್ಜಿಯ ಎಲೆ, ನಮ್ಮ ಮಾಚಿಪತ್ರೆ

ನಾನು ಓದು ಬಿಟ್ಟದ್ದು ೧೯೮೪ರಲ್ಲಿ, ಒಂಬತ್ತನೇ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ. ಅಪ್ಪ ಬೆನ್ನುನೋವಿನಿಂದ ಹಾಸಿಗೆ ಹಿಡಿದರು, ಚಾಮರಾಜಪೇಟೆಯ ನಮ್ಮ ಗ್ರಂಥಿಗೆ ಅಂಗಡಿಯ ಬಾಗಿಲು ತೆಗೆಯಲು ಒಬ್ಬರು ಬೇಕಿತ್ತು, ತೆಗೆದೆ. ಬೇರು, ಕಾಯಿ, ಒಣಸೊಪ್ಪು, ಹಬ್ಬ ಬಂದರೆ ಪತ್ರೆಯ ಕಟ್ಟು. ‘ಇಲ್ಲ’ ಎಂಬ ಮಾತು ನಮ್ಮ ಅಂಗಡಿಯಲ್ಲಿ ಕೇಳಬಾರದು ಎಂಬುದು ನನ್ನ ಜಂಬ. ಅದು ಈಗಲೂ ಇದೆ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಶುಕ್ರವಾರ ಹಿಂದಿನ ಬೀದಿಯ ಚೀನೀ ಅಜ್ಜಿ ಬಂದರು. ಅವರ ಯಜಮಾನರು ಹಲ್ಲು ಕಟ್ಟುತ್ತಿದ್ದವರು. ಅಜ್ಜಿ ಹುಟ್ಟಿದ್ದೂ ಇದೇ ಊರಲ್ಲಿ. ಮೊಮ್ಮಗಳು ಹುಟ್ಟಿ ಭಾನುವಾರಕ್ಕೆ ತಿಂಗಳಾಗುತ್ತಿತ್ತು. ಆ ದಿನ ಒಂದು ಎಲೆ ಕುದಿಸಿದ ನೀರಲ್ಲಿ ಮಗುವನ್ನು ಮೀಯಿಸುವುದು ಅವರ ಮನೆಯ ಪದ್ಧತಿ. ಆ ಎಲೆಯನ್ನು ಕಲ್ಕತ್ತೆಯಿಂದ ಕಳಿಸುತ್ತಿದ್ದ ಅಕ್ಕ ತೀರಿಕೊಂಡಿದ್ದರು.

“ನಮ್ಮಮ್ಮ ನನಗೆ ಮಾಡಿದ್ರು, ನಾನು ಮಗಳಿಗೆ ಮಾಡ್ದೆ. ಇವಳಿಗೆ ಬರೀ ಬಿಸಿನೀರಾ?” ಎಂದು, ಡಬ್ಬಿಯ ತಳದಲ್ಲಿ ಉಳಿದಿದ್ದ ಚೂರನ್ನು ನನ್ನ ಅಂಗೈಗೆ ಸುರಿದರು.

ಮೂಸಿದೆ. ಅಪ್ಪ ಕಟ್ಟುತ್ತಿದ್ದ ಹಬ್ಬದ ಪತ್ರೆಯ ವಾಸನೆ!

“ಅಜ್ಜಿ, ಇದು ನಮ್ಮ ಮಾಚಿಪತ್ರೆ. ಗಣೇಶನಿಗೆ ಏರಿಸ್ತೀವಿ. ಸಾಯಂಕಾಲ ಮನೆಗೇ ತಂದ್ಕೊಡ್ತೀನಿ.”

ಗಾಂಧಿ ಬಜಾರಿನಿಂದ ತಂದುಕೊಟ್ಟೆ. ಅಜ್ಜಿ ಮೂಸಿ ನಕ್ಕರು. “ಮದುವೆ ಗಂಡಿಗೆ ಚೆನ್ನಾಗಿರತ್ತೆ ಕಣಪ್ಪ ಇದು. ಮಗೂಗಲ್ಲ.”

ಅದು ದವನ. ಮಾಚಿಪತ್ರೆ ಸಿಗದಿದ್ದರೆ ಪತ್ರೆಯ ಕಟ್ಟಿಗೆ ದವನ ಸೇರಿಸುವುದು ನಮ್ಮ ವ್ಯಾಪಾರದ ರೂಢಿ. ವರ್ಷವರ್ಷವೂ ಕಟ್ಟಿ ನನ್ನ ಕೈಗೆ ಅದೇ ಮಾಚಿಪತ್ರೆಯಾಗಿಬಿಟ್ಟಿತ್ತು. ಗಣೇಶ ಎಂದೂ ತಕರಾರು ಮಾಡಿರಲಿಲ್ಲ.

“ಎಲೆ ಹಿಂದುಗಡೆ ಬೂದಿ ಬಳಿದ ಹಾಗೆ ಬೆಳ್ಳಗಿರ್ಬೇಕು,” ಎಂದರು ಅಜ್ಜಿ. “ಸಿಗ್ದಿದ್ರೆ ಬಿಡು, ಪಾಪ.”

ಆ ‘ಪಾಪ’ ನನಗೆ ಚುಚ್ಚಿತು. ಶನಿವಾರ ಬೆಳಕು ಹರಿಯುತ್ತಲೇ ಹನುಮಂತನಗರದ ಗುಡ್ಡ ಹತ್ತಿದೆ. ಎಲ್ಲಿ ನೋಡಿದರೂ ಪಾರ್ಥೇನಿಯಂ. ಅದರದೂ ಮಾಚಿಪತ್ರೆಯಂಥದೇ ಸೀಳೆಲೆ. ಒಂದೊಂದನ್ನೂ ಮಗುಚಿ ನೋಡಿದೆ, ಹಿಂದೆಯೂ ಹಸಿರೇ. ಮೊಣಕೈವರೆಗೆ ತುರಿಕೆ ಹತ್ತಿಸಿಕೊಂಡು ಮನೆಗೆ ಬಂದರೆ ಹೆಂಡತಿ, “ಅಂಗಡಿ ತುಂಬ ಸೊಪ್ಪಿಟ್ಕೊಂಡು ಬೀದಿ ಸೊಪ್ಪಿಗೆ ಹೋಗಿದ್ರಾ ಯಜಮಾನ್ರು?” ಎಂದಳು. ಎಂದವಳೇ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದಳು.

ಸಂಜೆ ಅಂಗಡಿ ಬೇಗ ಮುಚ್ಚಿ ಗವಿಪುರಂ ಕಡೆ ನಡೆದೆ. ಅಲ್ಲೊಂದು ಬಂಡೆಯ ಹಿಂದೆ, ನೀರಿನ ಪೈಪು ಸೋರುವ ಕಡೆ, ಸೊಂಟದೆತ್ತರದ ಗಿಡಗಳು. ಗಾಳಿ ಬೀಸಿದಾಗ ಎಲೆಗಳು ಮಗುಚಿ ಇಡೀ ಪೊದೆ ಬೆಳ್ಳಗಾಯಿತು. ಒಂದೆಲೆ ಹಿಸುಕಿದೆ. ಅಪ್ಪನ ಕೈ ನೆನಪಾಯಿತು.

ಭಾನುವಾರ ಒಂದು ಗಿಡವನ್ನು ಬೇರುಸಮೇತ ಒಯ್ದೆ. ಅಜ್ಜಿ ಎಲೆ ಉಜ್ಜಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಒಲೆಯ ಮೇಲೆ ನೀರಿಟ್ಟರು. ನಾನು ಹಜಾರದಲ್ಲಿ ನಿಂತಿದ್ದೆ. ಮನೆಯೆಲ್ಲ ಅದೇ ಘಮ.

ಬಚ್ಚಲಿನಿಂದ ಕೂಗಿದರು: “ಅಳ್ತಾನೇ ಇಲ್ಲ ನೋಡು ಕಳ್ಳಿ!”

ಹೊರಡುವಾಗ ಬೇರಿನ ಗಡ್ಡೆಯನ್ನು ನನ್ನ ಕೈಗಿಟ್ಟರು. “ಮನೇಲಿ ನೆಡು. ಇನ್ನೊಬ್ಳು ಮಗಳಿದಾಳೆ ನನಗೆ.”

ನೆಟ್ಟೆ. ಅಜ್ಜಿಯ ಎರಡನೇ ಮೊಮ್ಮಗುವಿನ ಎಲೆ ನಮ್ಮ ತಾರಸಿಯಿಂದಲೇ ಹೋಯಿತು. ಹಬ್ಬದ ಕಟ್ಟಿಗೂ ಅಲ್ಲಿಂದಲೇ ಕೀಳುತ್ತೇನೆ. ಈಗ ನನಗಿರುವುದು ಒಂದು ಅಂಗಡಿ, ಇಬ್ಬರು ಹೆಣ್ಣುಮಕ್ಕಳು, ಹನ್ನೊಂದು ಕುಂಡ ಮಾಚಿಪತ್ರೆ.