ಕಲ್ಲಿನ ಮೇಲೆ ಉಳಿದ ಸೊಪ್ಪು

ನಮ್ಮ ತೋಪಿನ ಮಾವ ಒಂಟಿಕಾಲಿನಲ್ಲಿ ನಿಲ್ಲುತ್ತಿದ್ದರು. ಎಡ ಪಾದವನ್ನು ಬಲ ಮೊಣಕಾಲಿಗೆ ಒತ್ತಿ, ಕೋಲಿಗೆ ಎದೆಯ ಭಾರ ಕೊಟ್ಟು, ಗದ್ದೆ ಬದುವಿನ ಕೊಕ್ಕರೆಯ ಹಾಗೆ. ಹಿಮ್ಮಡಿಯ ಬಿರುಕಿನಲ್ಲಿ ಹುಣಸೆಬೀಜ ಸಿಕ್ಕಿಸಬಹುದಿತ್ತು. ಅರ್ಧ ಗಂಟೆ ಹಾಗೇ ನಿಂತರೂ ಅಲುಗುತ್ತಿರಲಿಲ್ಲ. ನನಗೋ ಎರಡು ಕಾಲಿನ ಮೇಲೆ ಎರಡು ನಿಮಿಷ ನಿಲ್ಲುವುದೂ ಕಷ್ಟ. "ನಿನ್ ಕಾಲಲ್ಲಿ ಚಕ್ರ ಐತೆ ಕಣಮ್ಮಿ, ಯಾವ ಗಳಿಗೇಲಿ ಎತ್ಲೋ ನಿಮ್ಮವ್ವ" ಎಂದು ನಗುತ್ತಿದ್ದರು.

ನಂಟಿನಲ್ಲಿ ಮಾವನಲ್ಲ, ಅಪ್ಪನ ಜೊತೆಗಾರ. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಿಂದ ಮೂರು ಮೈಲಿ ಆಚೆ, ನಮ್ಮೂರಿಗೂ ಕಾಡಿಗೂ ನಡುವೆ ಇರುವ ತೇಗದ ತೋಪಿಗೆ ಊರಿನವರು ಇಟ್ಟ ಕಾವಲುಗಾರ. ತೋಪಿನ ಬಾಯಲ್ಲಿ ಒಂದು ದೇವರ ಕಲ್ಲಿದೆ. ಸೌದೆಗೋ ದನಕ್ಕೋ ಒಳಗೆ ಹೋಗುವವರು ಯಾರೇ ಆಗಲಿ, ಒಂದು ಕಡ್ಡಿ ಹೊಂಗೆ ಸೊಪ್ಪು ಮುರಿದು ಅದರ ಮೇಲಿಡಬೇಕು. ಈಚೆ ಬರುವಾಗ ತಮ್ಮದನ್ನು ತಾವೇ ತೆಗೆದು ಎಸೆಯಬೇಕು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಸಂಜೆ ಮಾವ ಕಲ್ಲು ನೋಡುತ್ತಿದ್ದರು. ಬರಿದಾಗಿದ್ದರೆ ಮನೆಗೆ ಹೊರಡುವರು, ಸೊಪ್ಪು ಉಳಿದಿದ್ದರೆ ಹುಡುಕಲು ಒಳಗೆ ಹೋಗುವರು. ಕಾಡಂಚಿನಲ್ಲಿ ಆನೆ ಯಾವಾಗ ಈಚೆ ಬರುತ್ತದೋ ಹೇಳುವವರು ಯಾರು? "ದ್ಯಾವ್ರು ಎಣಿಸಾಕಿಲ್ಲ ಕಣವ್ವ, ಎಣಿಸೋನು ನಾನೇ" ಎನ್ನುತ್ತಿದ್ದರು.

ಹೋದ ವರ್ಷ ನನಗೆ ಜಿಯೋಕ್ಯಾಚಿಂಗ್ ಎಂಬ ಆಟದ ಹುಚ್ಚು ಹಿಡಿಯಿತು. ಯಾರೋ ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಅದಿರುವ ಜಾಗವನ್ನು ಫೋನಿನ ಆ್ಯಪ್‌ಗೆ ಹಾಕಿರುತ್ತಾರೆ. ಫೋನು ತೋರಿಸಿದ ದಿಕ್ಕಿಗೆ ಹೋಗಿ ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರಬೇಕು. ನಮ್ಮ ತೋಪಿನಲ್ಲೇ ಒಂದಿದೆ ಎಂದು ಕಂಡ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಜೊತೆ ಪಾಠ ಮಾಡುವ ಹುಣಸೂರಿನ ಸವಿತಾಳನ್ನೂ ಕೆ.ಆರ್. ನಗರದ ಮಂಜುವನ್ನೂ ಒಂದು ಭಾನುವಾರ ಮಧ್ಯಾಹ್ನ ಎಳೆದುಕೊಂಡು ಹೋದೆ.

"ಡಬ್ಬೀಲಿ ಏನೈತೆ?" ಎಂದು ಮಾವ ಕೇಳಿದರು.

"ಒಂದು ಚೀಟಿ, ಮಾವ."

"ಚೀಟಿ ನೋಡಕ್ಕೆ ಈ ಬಿಸ್ಲಲ್ಲಿ ಮೂರು ಜನ್ವಾ? ಓಗಿ ಬನ್ನಿ, ಅಳ್ಳದ ಆಚೆ ಮಾತ್ರ ಬ್ಯಾಡ. ಸೊಪ್ಪಾಕಿ ಮೇಷ್ಟ್ರೇ" ಎಂದು ಮಂಜುವಿಗೆ ಕಲ್ಲು ತೋರಿಸಿದರು. ಮೂವರೂ ಸೊಪ್ಪಿಟ್ಟು ಒಳಹೊಕ್ಕೆವು.

ಮರಗಳ ಅಡಿಯಲ್ಲಿ ಫೋನಿನ ಬಾಣಕ್ಕೂ ನನ್ನದೇ ಕಾಯಿಲೆ. ಹನ್ನೆರಡು ಮೀಟರ್ ಎನ್ನುತ್ತದೆ, ನಾಲ್ಕು ಹೆಜ್ಜೆ ಇಟ್ಟರೆ ಮೂವತ್ತು ಎನ್ನುತ್ತದೆ. ಒಂದೊಂದೇ ಮರದ ಬುಡ ತಡಕಿದೆವು. ತರಗೆಲೆ ಸರಕ್ಕೆಂದರೆ ಮೂವರೂ ಬೆಚ್ಚಿಬೀಳುತ್ತಿದ್ದೆವು. ಎರಡು ಗಂಟೆ ಕಳೆದ ಮೇಲೆ ಸವಿತಾ ಕೂತೇಬಿಟ್ಟಳು.

"ಸಾಕು ಬುಡೆ, ಇನ್ನೊಂದಿನ ಬರಾಣ. ಬಸ್ಸು ತಪ್ಪೋಯ್ತದೆ."

"ನೀವು ಹೋಗ್ರಿ, ನಾನು ಬತ್ತೀನಿ" ಎಂದು ಸಿಡುಕಿದೆ. ಅವರು ಹೊರಟರು.

ಇಪ್ಪತ್ತು ನಿಮಿಷಕ್ಕೆ ಡಬ್ಬಿ ಸಿಕ್ಕಿತು, ಕಡಿದ ತೇಗದ ಬುಡದ ಪೊಟರೆಯಲ್ಲಿ. ಹೆಸರು ಬರೆಯುವಷ್ಟರಲ್ಲಿ ಫೋನು ಸತ್ತಿತು. ತಲೆಯೆತ್ತಿದರೆ ಮರಗಳ ಸಂದಿಯಲ್ಲಿ ಬೀಚನಹಳ್ಳಿ ರಸ್ತೆ, ಅದರ ಮೇಲೆ ಬರುತ್ತಿರುವ ಬಸ್ಸು. ಓಡಿಹೋಗಿ ಕೈ ಅಡ್ಡ ಹಾಕಿ ಹತ್ತಿದೆ. ಗೆದ್ದ ಸಂಭ್ರಮದಲ್ಲಿ ಕಲ್ಲೂ ನೆನಪಾಗಲಿಲ್ಲ, ಮಾವನೂ ನೆನಪಾಗಲಿಲ್ಲ. ನಾನು ಪಾಠ ಮಾಡುವ ಕೋಟೆ ಪಟ್ಟಣದ ಮನೆ ಸೇರಿ, ಫೋನನ್ನು ಚಾರ್ಜಿಗೆ ಹಾಕಿ, ಟೀ ಕುಡಿದು ಮಲಗಿದೆ.

ಫೋನು ಕಣ್ಣು ಬಿಟ್ಟೊಡನೆ ಅಪ್ಪನ ಕರೆ. "ಮನೇಲಿದ್ದೀಯಾ? ಏನೂ ಆಗಿಲ್ಲ ತಾನೆ? ನಿಮ್ ತೋಪಿನ ಮಾವ ಕೇಳು ಕೇಳು ಅಂತಾವ್ನೆ. ಯಾರ್ದೋ ಹಸ ತಪ್ಪಿಸ್ಕಂಡಿತ್ತಂತೆ, ಉಡಿಕ್ಕಂಡು ಓಗಿ ಆನೆ ಕಂದಕಕ್ಕೆ ಬಿದ್ದವ್ನೆ. ಮಂಡಿ ಮುರ್ದೈತೆ."

ಆ ಹಸು ಯಾವುದೆಂದು ನನಗೊಬ್ಬಳಿಗೇ ಗೊತ್ತಿತ್ತು. ಸವಿತಾ, ಮಂಜು ತಮ್ಮ ಸೊಪ್ಪು ತೆಗೆದು, "ಅವಳು ಹಿಂದೇನೇ ಬತ್ತಾವ್ಳೆ ಮಾವ" ಎಂದು ಹೇಳಿ ಬಸ್ಸಿಗೆ ಹೋಗಿದ್ದರು. ಕಲ್ಲಿನ ಮೇಲೆ ಉಳಿದದ್ದು ನನ್ನದೊಂದೇ. ಮಾವ ಕಾದರು, ಕೂಗಿದರು, ಒಳಗೆ ಹೋದರು. ನಮಗೆ ಬೇಡವೆಂದ ಹಳ್ಳದ ಆಚೆಗೂ ಹೋದರು. ಆನೆ ದಾಟದಿರಲೆಂದು ತೋಡಿದ ಕಂದಕ ಆ ಮಬ್ಬಿನಲ್ಲಿ ಅವರಿಗೆ ಕಾಣಲಿಲ್ಲ. ಪಕ್ಕದ ಹೊಲಕ್ಕೆ ನೀರಿನ ಮೋಟಾರು ನಿಲ್ಲಿಸಲು ಬಂದವರು ನರಳುವುದನ್ನು ಕೇಳಿ ಮೇಲೆತ್ತಿದರಂತೆ. ಹಸು ಯಾರದು ಎಂದು ಊರೆಲ್ಲ ಕೇಳಿದರೂ ಮಾವ ಬಾಯಿ ಬಿಡಲಿಲ್ಲ.

ನಾನು ನೋಡಲು ಹೋಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮಂಜುವಿನ ಕೈಲಿ ಹಣ್ಣು ಕಳಿಸಿದೆ. ಆರು ತಿಂಗಳು ಪ್ರತಿ ಭಾನುವಾರ ಹೊರಟು, ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು, ಒಂದು ಕಾಫಿ ಕುಡಿದು, ವಾಪಸು ಬಸ್ಸು ಹತ್ತಿದೆ. ಎಲ್ಲೆಲ್ಲೋ ಅಲೆಯುವವಳಿಗೆ ಆ ಮೂರು ಮೈಲಿ ದಾಟಲಾಗಲಿಲ್ಲ. ಎದುರಿಗೆ ನಿಂತು ಏನು ಹೇಳಲಿ? ಡಬ್ಬಿ ಸಿಕ್ಕಿತು ಮಾವ ಎನ್ನಲೇ? ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತಾಗಲೂ ಮನಸ್ಸು ಆ ತೋಪಿನಲ್ಲೇ ಸುತ್ತುತ್ತಿತ್ತು.

ಈ ಮಾಗಿಯಲ್ಲಿ ಎದೆಯ ಕಫ ಹೆಚ್ಚಾಗಿ ಮಾವ ತೀರಿಕೊಂಡರು. ಸುದ್ದಿ ಕೇಳಿದ ದಿನವೂ ಧೈರ್ಯ ಸಾಲಲಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ಅಡುಗೆಮನೆಯ ಹೊಸ್ತಿಲಲ್ಲಿ ಅವರ ಹೆಂಡತಿ ಒರಗಿ ಕೂತಿದ್ದರು. ಪಕ್ಕದಲ್ಲಿ ಕುಕ್ಕರಿಸಿ, "ಅತ್ತೆ, ಅವತ್ತು ಆ ಹಸು..." ಎಂದೆ.

"ನೀನೇ ಅಂತ ಗೊತ್ತು ಬುಡವ್ವ" ಎಂದರು ಅತ್ತೆ. "ಅವತ್ತೇ ಅಂದ್ರು. ನೀನು ಮನೆ ಸೇರ್ಕಂಡೆ ಅಂತ ನಿಮ್ಮಪ್ಪ ಏಳೋಗಂಟ ಕಾಲು ಮುಟ್ಟುಸ್ಕಳ್ಳಿಲ್ಲ. ಆಮೇಲೆ ಭಾನುವಾರ ಭಾನುವಾರ ಜಗುಲಿ ಮ್ಯಾಲೆ ಕೂತ್ಕಳ್ಳೋರು. ಬರ್ಲಿ ಅವ್ಳು, ಚೆಂದಾಗಿ ಬಯ್ದು, ಊಟ ಆಕ್ಸಿ ಕಳುಸ್ತೀನಿ ಅನ್ನೋರು. ಅವ್ಳಿಗೆ ಅಂತ ಎರಡು ಮುದ್ದೆ ಜಾಸ್ತಿ ಮಾಡು ಅಂತ ನಂಗೂ ಏಳೋರು."

ಹಜಾರದಲ್ಲಿ ಎಲೆ ಹಾಕುತ್ತಿದ್ದರು. ಅತ್ತೆ ಕೈಹಿಡಿದು ಎಬ್ಬಿಸಿ, ಪಂಕ್ತಿಯಲ್ಲಿ ಕೂರಿಸಿ, ತಾವೇ ಬಡಿಸಿದರು. ಒಂದು ಮಾತೂ ಬೈಸಿಕೊಳ್ಳದೆ ಉಂಡು ಬಂದೆ.