ವರಮಹಾಲಕ್ಷ್ಮಿಯ ಮುಂದೆ ಸೊಟ್ಟ ನಾಣ್ಯ

ಸ್ವೀಡನ್ನಿನ ಯೋನ್‌ಶೋಪಿಂಗ್ ಊರಿನಲ್ಲಿ ಅದು ನಮ್ಮ ಮೊದಲ ವರಮಹಾಲಕ್ಷ್ಮಿ ಹಬ್ಬ. ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ಪೂಜೆಗೆ ಇಡುವ ಬೆಳ್ಳಿ ನಾಣ್ಯವನ್ನು ನಾನು ಬೆಂಗಳೂರಿನಲ್ಲೇ ಮರೆತು ಬಂದಿದ್ದೆ. ಪಕ್ಕದ ಮನೆಯ ಸ್ವೀಡಿಷ್ ಅಜ್ಜಿಯ ಜೊತೆ ಕಾಫಿ ಕುಡಿಯುತ್ತಾ ಪೇಚಾಡಿಕೊಂಡೆ. ಅವರು ಒಳಗೆ ಹೋಗಿ ಹಳೆಯ ಬೆಳ್ಳಿ ನಾಣ್ಯವೊಂದನ್ನು ತಂದು ನನ್ನ ಅಂಗೈಗಿಟ್ಟರು.

"ನಿಮ್ಮ ದೇವರ ಹತ್ರ ಇರಲಿ. ಹಬ್ಬ ಆದ್ಮೇಲೆ ವಾಪಸ್ ಕೊಡು. ಇದು ನನಗೆ ತುಂಬಾ ಬೇಕಾದದ್ದು."

ನಾಣ್ಯ ನಡುವೆ ಬಾಗಿತ್ತು. ಯಾಕೆಂದು ನಾನು ಕೇಳಲಿಲ್ಲ.

ನನ್ನ ಗಂಡ ಮೆಕ್ಯಾನಿಕಲ್ ಎಂಜಿನಿಯರ್. ಸೊಟ್ಟಗಿರುವುದನ್ನು ಕಂಡು ಸುಮ್ಮನಿರುವ ಆಸಾಮಿಯಲ್ಲ. ಭಿನ್ನವಾದದ್ದು ಪೂಜೆಗೆ ಬರುವುದಿಲ್ಲವೆಂಬ ಅವರಮ್ಮನ ಮಾತು ಬೇರೆ ತಲೆಯಲ್ಲಿ ಕೂತಿತ್ತು. ಹಬ್ಬದ ಬೆಳಿಗ್ಗೆ ನೋಡುತ್ತೇನೆ, ನಾಣ್ಯ ಚಪ್ಪಟೆಯಾಗಿ ಫಳಫಳ ಹೊಳೆಯುತ್ತಿದೆ.

"ಏನ್ರೀ ಮಾಡಿದ್ರಿ ಇದಕ್ಕೆ?"

"ಆಫೀಸ್ ವರ್ಕ್‌ಶಾಪಲ್ಲಿ ಸ್ಟ್ರೈಟ್ ಮಾಡಿಸ್ಕೊಂಡು ಬಂದೆ ಕಣೇ. ಪರ್ಫೆಕ್ಟ್ ಆಗಿದೆ. ಅಜ್ಜಿ ಖುಷಿ ಪಡ್ತಾರೆ ನೋಡು."

ಸಂಜೆ ಅಜ್ಜಿ ತಮ್ಮ ಗಂಡನೊಂದಿಗೆ ಬಂದರು. ಕಲಶದ ಮುಂದಿದ್ದ ನಾಣ್ಯ ನೋಡಿದವರೇ ಪೆಚ್ಚಾದರು.

"ಇದನ್ನ ಬಗ್ಗಿಸಿದ್ದು ಇವನು," ಎಂದು ಅಜ್ಜನತ್ತ ಕೈ ತೋರಿಸಿದರು. "ಮದುವೆಗೆ ಮುಂಚೆ. ಹಾಗೆ ಬಗ್ಗಿಸಿದ್ರೆ ಯಾವ ಅಂಗಡಿಯಲ್ಲೂ ನಡೆಯಲ್ಲ. ಇಷ್ಟಪಟ್ಟ ಹುಡುಗಿಗೆ ಕೊಡೋಕೆ ಮಾತ್ರ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಂಡನನ್ನು ಅಲ್ಲೇ ಕಣ್ಣಲ್ಲಿ ಸುಟ್ಟೆ. ಅಷ್ಟರಲ್ಲಿ ಅಜ್ಜ ನಾಣ್ಯ ಎತ್ತಿಕೊಂಡು ತಿರುಗಿಸಿ ನೋಡಿ, ಇಕ್ಕಳ ಇದೆಯೇ ಎಂದು ಕೇಳಿದರು.

"ಕೊಡಿ, ನಾನೇ ಬೆಂಡ್ ಮಾಡ್ತೀನಿ," ಎಂದು ನನ್ನ ಗಂಡ ಮುಂದೆ ಬಂದರು.

"ನೀವು ಮಾಡಿರೋದು ಸಾಕು, ಕೂತ್ಕೊಳ್ಳಿ," ಎಂದೆ.

ಅಜ್ಜ ನಾಣ್ಯವನ್ನು ಇಕ್ಕಳದಲ್ಲಿ ಹಿಡಿದು ಒತ್ತತೊಡಗಿದರು. ನಾಣ್ಯ ಎಲ್ಲಿ ಮುರಿದುಬಿಡುತ್ತದೋ ಎಂದು ನಾನು ಲಕ್ಷ್ಮಿಯ ಕಡೆಗೇ ನೋಡುತ್ತಾ ನಿಂತೆ. ಮುರಿಯಲಿಲ್ಲ. ಹಳೆಯ ಗೆರೆಯಲ್ಲೇ ಮತ್ತೆ ಬಾಗಿತು. ಅದನ್ನು ಅಜ್ಜ ಹೆಂಡತಿಯ ಅಂಗೈಯಲ್ಲಿಟ್ಟರು. ಅಜ್ಜಿ ಮಾತ್ರ ಕೈ ಮುಚ್ಚಲಿಲ್ಲ.

"ಆಗ ನೀನು ಇದನ್ನ ಕೈಗಿಟ್ಟು ಓಡಿಹೋಗಿದ್ದೆ. ಈ ಸಲ ಮದುವೆ ಆಗ್ತೀಯಾ ಅಂತ ಬಾಯಿಬಿಟ್ಟು ಕೇಳು."

ಅಜ್ಜನ ಕಿವಿಯೆಲ್ಲ ಕೆಂಪಾಯಿತು. ನಮ್ಮ ಮುಂದೆ, ಲಕ್ಷ್ಮಿಯ ಮುಂದೆ, ತಡವರಿಸುತ್ತಾ ಕೇಳಿಯೇ ಬಿಟ್ಟರು. ನನಗೆ ಸಂತೋಷಕ್ಕೆ ಕಣ್ಣು ತುಂಬಿತು.

"ಯೋಚನೆ ಮಾಡಿ ಹೇಳ್ತೀನಿ," ಎಂದ ಅಜ್ಜಿ, ನಾಣ್ಯವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಒಬ್ಬಟ್ಟಿನ ತಟ್ಟೆಗೆ ಚಾಚಿದರು.