ಅಮೆರಿಕದ ಮುತ್ತಜ್ಜ

ಜಯನಗರದ ಹೊಸ ಮನೆಯಲ್ಲಿ ಅಪ್ಪ ಅಮೆರಿಕದ ಹಳೆಯ ಮುತ್ಸದ್ದಿಯೊಬ್ಬನ ಜೀವನಚರಿತ್ರೆಯನ್ನು ಕನ್ನಡಕ್ಕೆ ತರುತ್ತಿದ್ದರು. ಮೊದಲ ಅಧ್ಯಾಯವೆಲ್ಲ ಅವನ ವಂಶಾವಳಿಯೇ. ಅಪ್ಪ ಗಟ್ಟಿಯಾಗಿ ಓದಿ ಓದಿ, ಹಡಗಿನಲ್ಲಿ ಬಂದ ಅವನ ಮುತ್ತಜ್ಜನ ಹೆಸರು ನನಗೂ ಬಾಯಿಪಾಠವಾಗಿತ್ತು.

ಅಜ್ಜನ ಶ್ರಾದ್ಧದ ದಿನ ಪುರೋಹಿತರು ಅವಸರದಲ್ಲಿದ್ದರು. "ನಿಮ್ಮ ಮುತ್ತಜ್ಜನ ಹೆಸರು ಹೇಳಿ ಸ್ವಾಮಿ, ತ್ಯಾಗರಾಜನಗರದಲ್ಲಿ ಇನ್ನೊಂದು ಮನೆ ಇದೆ." ಅಪ್ಪನ ಬಾಯಿಂದ ಬಂದದ್ದು ಆ ಅಮೆರಿಕದವನ ಮುತ್ತಜ್ಜನ ಹೆಸರು! ಪುರೋಹಿತರು ಅದಕ್ಕೂ ಒಂದು 'ಶರ್ಮ' ಸೇರಿಸಿ ಮಂತ್ರ ಮುಂದುವರಿಸಿದರು. ಏಟು ಬೀಳುತ್ತದೆಂದು ನಾನು ಬಾಯಿ ಬಿಡಲಿಲ್ಲ.

ಪ್ರತಿ ವರ್ಷ ಕಾಯಿಸಿ ಸತಾಯಿಸುತ್ತಿದ್ದ ಕಾಗೆ ಅಂದು ಪಿಂಡ ಇಟ್ಟ ಕೂಡಲೇ ಬಂದು ತಿಂದಿತು.

"ನೋಡೇ, ಹಿರಿಯರಿಗೆ ತೃಪ್ತಿ ಆಯ್ತು" ಅಂದಳು ಅಮ್ಮ. ಮಡಿಯಲ್ಲಿದ್ದ ಅವಳನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳುವಂತೆಯೂ ಇರಲಿಲ್ಲ. ತಿಂದು ಹೋದವರು ಯಾರೆಂದು ನನಗೊಬ್ಬಳಿಗೇ ಗೊತ್ತಿತ್ತು.